ಮುನಿತಾಯಮ್ಮನ ಹರಕೆಯ ಮಜ್ಜಿಗೆ

ನಮ್ಮ ಅತ್ತಿಗೆ ಮುನಿತಾಯಮ್ಮನಿಗೂ ನನಗೂ ಒಂದು ದಿನವೂ ಸರಿಬಿದ್ದದ್ದಿಲ್ಲ. ಗಂಡ ಸತ್ತ ಮೇಲೆ ನಾನು ಅಣ್ಣ ವೆಂಕಟರಾಯಪ್ಪನ ಮನೆ ಸೇರಿದೆ. ಅಂದಿನಿಂದ ಸಾರಿಗೆ ಉಪ್ಪು ಹೆಚ್ಚಾಯಿತು ಎನ್ನುವುದರಿಂದ ಹಿಡಿದು ಎಮ್ಮೆಗೆ ಹುಲ್ಲು ಯಾರು ಹಾಕಬೇಕು ಎನ್ನುವವರೆಗೆ ನಮ್ಮಿಬ್ಬರದು ಹಾವು ಮುಂಗುಸಿ ಬಾಳು. ಆದರೂ ಇದ್ದದ್ದನ್ನು ಇದ್ದಂತೆ ಹೇಳಬೇಕು. ಅವಳಷ್ಟು ಚೊಕ್ಕಟದ ಹೆಂಗಸನ್ನು ನಾನು ಆ ಸುತ್ತಿನಲ್ಲೇ ಕಂಡಿಲ್ಲ. ಬೆಳಿಗ್ಗೆ ಮೈತೊಳೆಯದೆ ಒಲೆಯ ಮುಂದೆ ಹೋದವಳಲ್ಲ. ತೊಳೆದ ಪಾತ್ರೆಯನ್ನೇ ಇನ್ನೊಂದು ಸಲ ತೊಳೆದು ನನ್ನ ಕಡೆ ಕಣ್ಣು ಬಿಡುತ್ತಿದ್ದಳು. ಅಂಥವಳ ಕೈಯಿಂದ ಜನಕ್ಕೆ ಕಾಯಿಲೆ ಬಂತು ಎಂದು ಯಾರೋ ಬಂದು ಹೇಳಿದರೆ ಮೈ ಉರಿಯದೆ ಇರುತ್ತದೆಯೇ?

ನಮ್ಮೂರು ಶಿವಗಂಗೆ ಬೆಟ್ಟಕ್ಕೆ ಹೋಗುವ ದಾರಿಯಲ್ಲಿದೆ. ಯುದ್ಧ ಮುಗಿದ ವರ್ಷ ಊರಿಗೆ ಒಂದು ಜ್ವರ ಬಂತು. ವಾರಗಟ್ಟಲೆ ಬಿಡದೆ ಕಾಯುವ ಜ್ವರ. ನಾವು ವಿಷಮಜ್ವರ ಎನ್ನುತ್ತಿದ್ದೆವು, ಡಾಕ್ಟರು ಟೈಫಾಯ್ಡು ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ಮೊದಲು ಅಣ್ಣ ಮಲಗಿದ, ಆಮೇಲೆ ನಾನು, ಕೊನೆಗೆ ಅತ್ತಿಗೆ. ಅಣ್ಣನೂ ನಾನೂ ಹೇಗೋ ಎದ್ದೆವು. ಅತ್ತಿಗೆ ಏಳುವ ಹಾಗೆ ಕಾಣಲಿಲ್ಲ. ಇಲ್ಲದವರ ಜೊತೆ ಮಾತಾಡುವಳು, ಹೊದ್ದ ಕಂಬಳಿಯ ನೂಲನ್ನು ಒಂದೊಂದಾಗಿ ಕೀಳುವಳು. ಅದನ್ನು ಕಂಡವರು ಆಗಲೇ ನನ್ನ ಕಡೆ ನೋಡಿ ತಲೆಯಾಡಿಸಿದ್ದರು. ಒಂದು ಮಧ್ಯಾಹ್ನ ಅವಳಿಗೆ ಸ್ವಲ್ಪ ಪ್ರಜ್ಞೆ ಬಂತು. ಬೆಟ್ಟದ ಕಡೆ ಮುಖ ಮಾಡಿಸು ಎಂದಳು. ಮಾಡಿಸಿದೆ.

"ಗಂಗಾಧರಪ್ಪಾ, ನನ್ನ ಎಬ್ಬಿಸಪ್ಪಾ. ಬದುಕಿರೋಗಂಟ ಪ್ರತಿ ಬೇಸಗೇಲೂ ನಿನ್ನ ಬೆಟ್ಟ ಹತ್ತೋರಿಗೆ ನನ್ನ ಕೈಯಾರೆ ಮಜ್ಜಿಗೆ ಮಾಡಿ ಕೊಡ್ತೀನಿ" ಎಂದು ಹರಕೆ ಹೊತ್ತಳು.

ಅವನು ಎಬ್ಬಿಸಿದ. ತಿಂಗಳೊಪ್ಪತ್ತಿನಲ್ಲಿ ಅತ್ತಿಗೆ ಕಲ್ಲುಗುಂಡಿನ ಹಾಗಾದಳು. ಕರಿದದ್ದೋ ತುಪ್ಪದ ಹೋಳಿಗೆಯೋ ತಿಂದ ದಿನ ಬಲಗಡೆ ಪಕ್ಕೆಯ ಕೆಳಗೆ ಒಂದಿಷ್ಟು ಹಿಡಿದುಕೊಳ್ಳುವುದು ಬಿಟ್ಟರೆ ಮತ್ತೇನೂ ಇಲ್ಲ. ವಾಯು ಎಂದು ಓಮದ ಕಷಾಯ ಕುಡಿದು ಸುಮ್ಮನಾಗುತ್ತಿದ್ದಳು.

ಮುಂದಿನ ಬೇಸಗೆಗೆ ದಾರಿಯ ಹೊಂಗೆಮರದ ಕೆಳಗೆ ಅಣ್ಣ ಅರವಟ್ಟಿಗೆಯ ಚಪ್ಪರ ಹಾಕಿಸಿದ. ಸೋಮವಾರ ಬೆಟ್ಟಕ್ಕೆ ಹೋಗುವವರು ಹೆಚ್ಚು. ಅತ್ತಿಗೆ ಎರಡು ಗುಡಾಣದ ತುಂಬ ನೀರುಮಜ್ಜಿಗೆ ಮಾಡುವಳು. ನನ್ನನ್ನು ಮುಟ್ಟಗೊಡುತ್ತಿರಲಿಲ್ಲ. ಹರಕೆ ಅವಳದು, ಕೈಯೂ ಅವಳದೇ ಆಗಬೇಕು. ಕರಿಬೇವು, ಕೊತ್ತಂಬರಿ, ಹಸಿಮೆಣಸಿನಕಾಯಿ, ಶುಂಠಿ ಎಲ್ಲವನ್ನೂ ಕಲ್ಲುಪ್ಪಿನ ಜೊತೆ ಮುಷ್ಟಿಯಲ್ಲಿ ಹಿಡಿದು ಕಿವುಚಿ ಕಿವುಚಿ ಮಜ್ಜಿಗೆಗೆ ಬಿಡುವಳು. ಒರಳಲ್ಲಿ ಕುಟ್ಟಿದರೆ ಆ ಘಮ ಬರುವುದಿಲ್ಲ ಎನ್ನುವುದು ಅವಳ ವಾದ. ನಿಜ ಹೇಳುತ್ತೇನೆ, ಆ ಮಜ್ಜಿಗೆ ಕುಡಿದರೆ ಪ್ರಾಣ ತಣ್ಣಗಾಗುತ್ತಿತ್ತು. ಅವಳ ಎದುರಿಗೆ ಮಾತ್ರ ಹಾಗೆ ಹೇಳಿದವಳಲ್ಲ ನಾನು.

ಗುಡಾಣಕ್ಕೆ ನೀರು ಹೊತ್ತು ತರುತ್ತಿದ್ದವಳು ಆದಿಲಕ್ಷ್ಮಿ. ನಮ್ಮ ಮನೆಯಿಂದ ಮೂರನೆಯ ಮನೆಯ ದೊಡ್ಡಮುನಿಯಪ್ಪನಿಗೆ ಇದ್ದವಳು ಅವಳೊಬ್ಬಳೇ ಮಗಳು. ತಾಯಿ ಹೆರಿಗೆಯಲ್ಲೇ ತೀರಿಕೊಂಡಿದ್ದಳು. ಜ್ವರದ ವರ್ಷ ಆದಿ ಸೋದರಮಾವನ ಊರಿನಲ್ಲಿದ್ದು ಬಚಾವಾಗಿದ್ದಳು. ಅತ್ತಿಗೆಯ ಮಗಳು ಗಂಗಲಕ್ಷ್ಮಿಯನ್ನು ಜ್ವರದ ವರ್ಷಕ್ಕೆ ಮೊದಲೇ ಹೊಸಕೋಟೆ ಕಡೆಯ ಅನುಗೊಂಡನಹಳ್ಳಿಗೆ ಕೊಟ್ಟಾಗಿತ್ತು. ಮನೆಯಲ್ಲಿ ಹೆಣ್ಣುಮಗು ಇಲ್ಲದ ಕೊರತೆಯನ್ನು ಅತ್ತಿಗೆ ಆದಿಯ ತಲೆ ಬಾಚಿ ತೀರಿಸಿಕೊಳ್ಳುತ್ತಿದ್ದಳು. ಬಿಸಿಲಲ್ಲಿ ಬಿಂದಿಗೆ ಹೊತ್ತು ಬಂದ ಹುಡುಗಿಗೆ ಮೊದಲ ಚೊಂಬು ಮಜ್ಜಿಗೆ. ಅದು ಅಲ್ಲಿಯ ರೂಢಿಯೇ ಆಗಿಹೋಗಿತ್ತು.

ಮೊದಲ ಬೇಸಗೆಯಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಜ್ವರದಲ್ಲಿ ಮಲಗಿದರು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಎರಡನೆಯ ಬೇಸಗೆಯಲ್ಲಿ ಸುತ್ತಿನ ಹಳ್ಳಿಗಳಲ್ಲೆಲ್ಲ ಜ್ವರ ಎದ್ದಿತು. ನಮ್ಮೂರಿನಲ್ಲಿ ಹಿಂದೆ ಜ್ವರ ಬಂದು ಎದ್ದವರಿಗೆ ಏನೂ ಆಗಲಿಲ್ಲ. ಆದಿ ಮಲಗಿದಳು. ಮದುವೆ ಗೊತ್ತಾಗಿದ್ದ ಹುಡುಗಿ. ಅತ್ತಿಗೆ ಅವಳ ಹಾಸಿಗೆ ಬಿಟ್ಟು ಏಳಲಿಲ್ಲ, ಗಂಜಿ ಕುಡಿಸಿದಳು, ಹಣೆಗೆ ಒದ್ದೆಬಟ್ಟೆ ಹಾಕಿದಳು. ಜ್ವರ ಇಳಿಯಿತು ಎಂದುಕೊಳ್ಳುವಷ್ಟರಲ್ಲಿ ಹುಡುಗಿ ಹೊಟ್ಟೆ ಹಿಡಿದುಕೊಂಡು ಒದ್ದಾಡಿ ಹೋಗಿಬಿಟ್ಟಳು. ದೊಡ್ಡಮುನಿಯಪ್ಪ ಅಳಲಿಲ್ಲ. ಮಣ್ಣು ಮಾಡಿ ಬಂದವನು ಎತ್ತುಗಳ ಕೊರಳು ತಬ್ಬಿಕೊಂಡು ಕೊಟ್ಟಿಗೆಯಲ್ಲೇ ಕೂತುಬಿಟ್ಟ.

ಆಗ ಬಂದವರು ಡಾಕ್ಟರು. ಸರ್ಕಾರಿ ದವಾಖಾನೆಗೆ ಹೊಸದಾಗಿ ಬಂದಿದ್ದ ಮೈಸೂರಿನ ಕಡೆಯ ಸಣಕಲ ಮನುಷ್ಯ, ಸೈಕಲ್ಲಿನ ಮೇಲೆ ಓಡಾಡುತ್ತಿದ್ದರು. ಮೊದಲು ಬಾವಿಗಳಿಗೆ ಔಷಧಿ ಸುರಿಸಿದರು. ನೀರು ಕೆಂಪಗಾಯಿತು, ಜ್ವರ ನಿಲ್ಲಲಿಲ್ಲ. ಆಮೇಲೆ ಮನೆಮನೆಗೆ ಹೋಗಿ ಎಲ್ಲಿಗೆ ಹೋಗಿದ್ರಿ, ಏನು ತಿಂದ್ರಿ, ಏನು ಕುಡಿದ್ರಿ ಎಂದು ವಿಚಾರಿಸಿದರು. ಜ್ವರ ಬಂದವರ ಊರು ಬೇರೆ, ಬಾವಿ ಬೇರೆ. ಬೆಟ್ಟಕ್ಕೆ ಹೋಗುವಾಗ ದಾರಿಯಲ್ಲಿ ಮಜ್ಜಿಗೆ ಕುಡಿದೆವು ಎನ್ನುವುದೊಂದು ಮಾತ್ರ ಎಲ್ಲರ ಬಾಯಲ್ಲೂ ಬಂತು.

ಒಂದು ದಿನ ನಮ್ಮ ಜಗಲಿಯ ಮೇಲೆ ಕೂತು ಚೀಲದಿಂದ ಮೂರು ಸಣ್ಣ ತಗಡಿನ ಡಬ್ಬಿ ತೆಗೆದರು. ಬೆಳಿಗ್ಗೆ ಹೊಲದ ಕಡೆ ಹೋದಾಗ ಮನೆಯವರು ಒಬ್ಬೊಬ್ಬರೂ ಒಂದೊಂದರಲ್ಲಿ ಸ್ವಲ್ಪ ತಂದುಕೊಡಬೇಕು, ಬೆಂಗಳೂರಿಗೆ ಪರೀಕ್ಷೆಗೆ ಕಳಿಸಬೇಕು ಎಂದರು. ಅಣ್ಣ ನಾಚಿಕೆಯಿಂದ ಒಳಗೆ ಹೋದ.

"ಅಲ್ಲಾ ಸ್ವಾಮಿ, ಯುದ್ಧ ಅಂತ ಸರ್ಕಾರದೋರು ಬೆಳೆದೋರ ಮನೇಗೆ ಬಂದು ರಾಗಿ ಲೆವಿ ಎತ್ತಿದ್ರಿ, ಭತ್ತದ ಲೆವಿ ಎತ್ತಿದ್ರಿ. ಈಗ ಇದ್ನೂ ಲೆವಿ ಎತ್ತೋಕೆ ಬಂದ್ರಾ?" ಎಂದೆ ನಾನು.

ಡಾಕ್ಟರಿಗೂ ನಗು ಬಂತು. "ಇದಕ್ಕೆ ರಶೀದಿ ಕೊಡೋಲ್ಲಮ್ಮಾ" ಎಂದರು. ನನಗೆ ಆ ಮಾತು ಹಿಡಿಸಿತು. ಥೂ ಥೂ ಎಂದು ಬೈದುಕೊಳ್ಳುತ್ತಲೇ ಕೊಟ್ಟೆವು.

ಅವರು ಮತ್ತೆ ಬಂದದ್ದು ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ. ಅಷ್ಟರಲ್ಲಿ ಚಪ್ಪರ ಬಿಚ್ಚಿಯಾಗಿತ್ತು. ಈ ಸಲ ನಗುತ್ತಿರಲಿಲ್ಲ. ಅತ್ತಿಗೆಯನ್ನು ಹೆಸರು ಹಿಡಿದು ಕರೆದು ಕೂರಿಸಿದರು. "ಮುನಿತಾಯಮ್ಮನವರೇ, ಆ ಜ್ವರದ ಕ್ರಿಮಿ ನಿಮ್ಮ ಹೊಟ್ಟೆಯಲ್ಲಿ ಇನ್ನೂ ಇದೆ" ಎಂದರು.

"ನಾನು ಹುಷಾರಾಗಿದೀನಲ್ಲ ಸ್ವಾಮಿ. ಎರಡು ವರ್ಷದಿಂದ ಒಂದು ತಲೆನೋವಿಲ್ಲ."

"ಅದೇ ಇದರ ಕುತಂತ್ರ. ನಮ್ಮ ರಕ್ತದಲ್ಲಿ ಕಾವಲು ಕಾಯೋ ಕಣಗಳಿವೆ. ಬೇರೆ ಕ್ರಿಮಿ ಬಂದ್ರೆ ಹಿಡಿದು ನುಂಗಿ ಅರಗಿಸಿಕೊಂಡುಬಿಡ್ತವೆ. ಇದನ್ನೂ ನುಂಗ್ತವೆ, ಆದರೆ ಇದು ಅರಗೋಲ್ಲ. ನುಂಗಿದ ಕಣದ ಒಳಗೇ ಕೂತು ಮರಿ ಹಾಕುತ್ತೆ, ಅದರ ಜೊತೇಲೇ ಮೈಯೆಲ್ಲಾ ಸುತ್ತುತ್ತೆ. ಮೇಲೆ ಒಂದು ಹೊದಿಕೆ ಬೇರೆ ಹೊದ್ದಿರುತ್ತೆ, ಗುರುತು ಸಿಕ್ಕಬಾರದು ಅಂತ. ಕೊನೆಗೆ ಮೈ ಗೆಲ್ಲುತ್ತೆ, ಜ್ವರ ಬಿಡುತ್ತೆ. ಆದ್ರೆ ಕೆಲವರಲ್ಲಿ ಪಿತ್ತಕೋಶಕ್ಕೆ ಹೋಗಿ ಅವಿತುಕೊಳ್ಳುತ್ತೆ. ನೀವು ಹಗೇವಿನಲ್ಲಿ ರಾಗಿ ಇಡ್ತೀರಲ್ಲ, ಮೇಲೆ ಓಡಾಡೋರಿಗೆ ಕೆಳಗೆ ರಾಗಿ ಇದೆ ಅಂತ ಗೊತ್ತಾಗುತ್ತಾ? ಹಾಗೆ. ಕಾವಲಿನವು ಅಲ್ಲಿಗೆ ಹೋಗಲಾರವು. ಅಲ್ಲಿಂದ ದಿನಾ ಒಂದಿಷ್ಟು ಪಿತ್ತದ ಜೊತೆ ಕರುಳಿಗೆ ಇಳಿದು ಆಚೆ ಬರುತ್ತೆ. ನಿಮಗೆ ಏನೂ ಮಾಡೋಲ್ಲ. ಬೇರೆಯವರ ಬಾಯಿಗೆ ಹೋದ್ರೆ ಜ್ವರ."

"ಬೇರೆಯವರ ಬಾಯಿಗೆ ಹೆಂಗೆ ಹೋಗುತ್ತೆ?" ಎಂದು ಕೇಳಿದವಳು ನಾನು.

"ಕೈಯಿಂದ" ಎಂದರು. "ಕಾಯಿಸಿದ ಸಾರು, ಬೇಯಿಸಿದ ಮುದ್ದೆಗೆ ತೊಂದರೆ ಇಲ್ಲ, ಬೆಂಕಿಗೆ ಸಾಯುತ್ತೆ. ಮಜ್ಜಿಗೆ ಹಸಿ. ಅದೂ ಕೈಯಲ್ಲಿ ಕಿವುಚಿ ಮಾಡಿದ್ದು. ಮಣ್ಣು ಹಚ್ಚಿ ಒಂದು ಚೊಂಬು ನೀರು ಹಾಕಿಕೊಂಡರೆ ಉಗುರಿನ ಸಂದಿಯಲ್ಲಿರೋದು ಹೋಗೋಲ್ಲಮ್ಮಾ."

ನನಗೆ ಕೋಪ ನೆತ್ತಿಗೇರಿತು. "ಏಳ್ರಿ ಮೇಲಕ್ಕೆ! ನಮ್ಮ ಅತ್ತಿಗೆ ಕೈ ತೊಳೆಯೋಲ್ಲ ಅಂತ ಹೇಳೋಕೆ ಸೈಕಲ್ ತುಳಕೊಂಡು ಬಂದ್ರಾ? ಆಯಮ್ಮ ತೊಳೆಯೋದ್ನ ನೋಡಿದ್ರೆ ನಿಮ್ಮ ದವಾಖಾನೇನೇ ನಾಚ್ಕೋಬೇಕು. ದೇವರ ಹರಕೆ ಕಣ್ರೀ ಅದು!" ಎಂದು ಬಾಯಿಗೆ ಬಂದಂತೆ ಅಂದೆ. ಬೀದಿಯ ಜನವೆಲ್ಲ ಸೇರಿತು.

ಡಾಕ್ಟರು ಕೋಪಿಸಿಕೊಳ್ಳಲಿಲ್ಲ. ಕರವಸ್ತ್ರದಿಂದ ಮುಖ ಒರೆಸಿಕೊಂಡರು. "ಅವರು ಬೇಕೂಂತ ಮಾಡಿದ್ದಲ್ಲ, ಅದು ನನಗೂ ಗೊತ್ತು. ಈ ಮನೆಗೆ ಹೊಸಬರು ಯಾರಾದರೂ ಬರೋರಿದ್ದಾರಾ?" ಎಂದು ಕೇಳಿದರು.

ಅಣ್ಣ ಮೆಲ್ಲಗೆ ಹೇಳಿದ. ಮಗಳು ಗಂಗೆ ಹೆರಿಗೆಗೆ ಬರುವವಳಿದ್ದಳು. ಏಳು ತಿಂಗಳ ಬಸುರಿ, ಚೊಚ್ಚಲು. ಅವಳಿಗೆ ಅತ್ತೆಯೂ ಇಲ್ಲ. ತವರಲ್ಲದೆ ಬೇರೆ ಎಲ್ಲಿ ಹೆರಬೇಕು?

"ಅವಳಿಗೆ ಈ ಜ್ವರ ಬಂದು ಹೋಗಿದೆಯಾ?"

"ಇಲ್ಲ ಸ್ವಾಮಿ."

"ಹಾಗಾದರೆ ಮುನಿತಾಯಮ್ಮನವರು ಅವಳ ಊಟ, ನೀರು, ಹಾಲು ಯಾವುದನ್ನೂ ಮುಟ್ಟಬಾರದು. ಬಸುರಿಗೆ ಬಂದರೆ ಎರಡು ಜೀವ. ಉಳಿಸಿಕೊಡ್ತೀನಿ ಅಂತ ಮಾತು ಕೊಡೋಕೆ ನನ್ನ ಹತ್ತಿರ ಇದಕ್ಕೆ ಔಷಧಿ ಇಲ್ಲ."

"ನನ್ನ ಮಗಳಿಗೆ ನಾನು ಬಾಣಂತನ ಮಾಡಬಾರದಾ?" ಎಂದು ಒಂದೇ ಸಲ ಕೇಳಿ ಅತ್ತಿಗೆ ಎದ್ದು ಒಳಗೆ ಹೋದಳು.

ಡಾಕ್ಟರು ಹೋದ ಮೇಲೆ ಊರಿಗೆ ಊರೇ ಅತ್ತಿಗೆಯ ಪರ ನಿಂತಿತು. ಇಂಗ್ಲಿಷ್ ಓದಿದವರಿಗೆ ದೇವರ ಮೇಲೆ ಭಕ್ತಿ ಇಲ್ಲ ಎಂದರು, ಪುಣ್ಯದ ಕೆಲಸಕ್ಕೆ ಕಲ್ಲು ಹಾಕಲು ಬಂದ ಎಂದರು. ಎಲ್ಲರಿಗಿಂತ ಗಟ್ಟಿಯಾಗಿ ಮಾತಾಡಿದವನು ದೊಡ್ಡಮುನಿಯಪ್ಪ. ನಮ್ಮ ಅಂಗಳಕ್ಕೆ ಬಂದು ನಿಂತು, "ಅಕ್ಕಾ, ಒಂದು ಚೊಂಬು ಮಜ್ಜಿಗೆ ಮಾಡ್ಕೊಂಡು ಬಾ. ನಿನ್ನ ಕೈಯಲ್ಲೇ ಕಿವುಚಿದ್ದು. ಎಲ್ಲಾರೂ ನೋಡ್ಲಿ" ಎಂದ.

ಅತ್ತಿಗೆ ತಂದಳು. ಅವನು ಗಟಗಟ ಕುಡಿದು ಮೀಸೆ ಒರೆಸಿಕೊಂಡ. "ನನ್ನ ಮಗಳು ಸಾಯೋಗಂಟ ಅವಳ ತಲೆ ದೆಸೇಲಿ ಕೂತಿದ್ದೋಳು ನಮ್ಮಕ್ಕ. ಅವಳ ಕೈಯಿಂದ ಸಾವು ಬತ್ತದಾ? ಬಂದ್ರೆ ನನಗೂ ಬರ್ಲಿ!" ಎಂದ. ಅವನಿಗೆ ಏನೂ ಬರಲಿಲ್ಲ. ಅವನು ಯುದ್ಧ ಮುಗಿದ ವರ್ಷವೇ ಆ ಜ್ವರದಲ್ಲಿ ಮಲಗಿ ಎದ್ದವನು.

ಈ ವಿಷಯ ನನ್ನ ತಲೆಗೆ ಹೊಳೆದದ್ದು ಎರಡು ದಿನ ಬಿಟ್ಟು, ರಾಗಿ ಬೀಸುತ್ತಿದ್ದಾಗ. ನಾನು ಆ ಮಜ್ಜಿಗೆ ದಿನಾ ಕುಡಿದೆ, ಅಣ್ಣ ಕುಡಿದ, ನಮಗೇನೂ ಆಗಲಿಲ್ಲ ಎಂದುಕೊಂಡು ಬೀಸುತ್ತಿದ್ದೆ. ನಾವೆಲ್ಲ ಮೊದಲೇ ಮಲಗಿ ಎದ್ದವರು. ನಮ್ಮೂರಿನಲ್ಲಿ ಈ ಬೇಸಗೆ ಮಲಗಿದವರು ಯಾರು? ಹೊಸದಾಗಿ ಮದುವೆಯಾಗಿ ಬಂದ ಸೊಸೆ, ಯುದ್ಧ ಮುಗಿಸಿ ಬಂದ ಸಿಪಾಯಿ, ಸೋದರಮಾವನ ಮನೆಯಿಂದ ಬಂದ ಆದಿ. ಆ ಜ್ವರದ ವರ್ಷ ಊರಲ್ಲಿ ಇಲ್ಲದಿದ್ದವರೇ ಎಲ್ಲರೂ. ಬೀಸುತ್ತಿದ್ದ ಕೈ ನಿಂತುಹೋಯಿತು. ಡಾಕ್ಟರನ್ನು ಬೀದಿಯ ಜನರ ಮುಂದೆ ಬೈದವಳು ನಾನೇ.

ಎದುರಿಗೆ ಕೂತು ಹಿಟ್ಟು ಜರಡಿ ಹಿಡಿಯುತ್ತಿದ್ದ ಅತ್ತಿಗೆಗೆ, "ಅತ್ತಿಗೆಮ್ಮ, ಗಂಗಿ ಬಂದ್ಮೇಕೆ ಒಲೆ ಕೆಲಸ ನಾನು ನೋಡ್ಕೋತೀನಿ. ನೀನು ಮಗೂ ಬಟ್ಟೆಬರೆ ಹೊಲಿ" ಎಂದೆ.

ಅವಳು ಜರಡಿ ಕೆಳಗಿಟ್ಟಳು. "ನೀನೂ ನಂಬಿದ್ಯಾ?"

"ನಂಬಿದ್ನೋ ಬಿಟ್ನೋ. ಒಂದು ಮೂರು ತಿಂಗಳು ತಾನೇ? ನಿನ್ನ ಗಂಟೇನು ಹೋಗುತ್ತೆ?"

"ನನ್ನ ಗಂಟೇನು ಹೋಗುತ್ತಾ?" ಅವಳ ದನಿ ಏರಿತು. "ಲೇ ಅಮ್ಮಯಮ್ಮ, ನೆಟ್ಟಗೆ ಯೋಚನೆ ಮಾಡಿ ಮಾತಾಡೇ. ಆ ಡಾಕ್ಟರು ಹೇಳಿದ್ದು ನಿಜ ಅಂತ ನಾನು ಒಪ್ಕೊಂಡ್ರೆ ಆದೀನ ಕೊಂದೋಳು ನಾನಾಗ್ತೀನಿ. ನೀರು ಹೊತ್ತು ಬಂದ ಮಗೀಗೆ ದಿನಾ ಮೊದಲ ಚೊಂಬು ಕೊಟ್ಟೋಳು ನಾನು. ಸುಳ್ಳು ಅಂತ ನಾನು ಗಂಗಿಗೆ ಅಡುಗೆ ಮಾಡಿ ಹಾಕಿ, ನಾಳೆ ಅವಳೂ ಮಲಗಿಬಿಟ್ರೆ? ಹೇಳು, ಯಾವುದು ನಂಬಲಿ? ನಿನ್ನ ಬಾಯಿ ಉದ್ದ ಐತಲ್ಲ, ಹೇಳು!"

ಇಪ್ಪತ್ತು ವರ್ಷದ ಜಗಳದಲ್ಲಿ ನಾನೇ ಮೊದಲು ಎದ್ದುಬಂದದ್ದು ಅದೊಂದೇ ಸಲ.

ಆಮೇಲೆ ಆ ಮಾತು ಯಾರೂ ಎತ್ತಲಿಲ್ಲ. ಅತ್ತಿಗೆ ಬಾಣಂತಿಗೆ ಬೇಕಾದ ಮೆಣಸು, ಶುಂಠಿ, ಬೆಳ್ಳುಳ್ಳಿ, ಎಳ್ಳೆಣ್ಣೆ ಎಲ್ಲ ಜೋಡಿಸಿಕೊಂಡಳು. ನೋಡಿದರೆ ಅಡುಗೆ ತಾನೇ ಮಾಡುವ ಹಾಗಿತ್ತು. ಯಾರಿಗೆ ಹೇಳುವುದು? ಅಣ್ಣನಿಗೆ ಹೇಳಿದರೆ, "ನೀವು ನೀವು ನೋಡ್ಕಳ್ರವ್ವ" ಎಂದು ಹೊಲಕ್ಕೆ ಹೋದ. ಗಂಡಸರಿಗೆ ಇಂಥ ಹೊತ್ತಿನಲ್ಲೇ ಹೊಲದ ಕೆಲಸ ನೆನಪಾಗುವುದು.

ಗಂಗೆ ಬರುವ ದಿನ ನಿಡವಂದದ ಸ್ಟೇಷನ್ನಿಗೆ ಗಾಡಿ ಕಟ್ಟಿಕೊಂಡು ಹೋದವನು ದೊಡ್ಡಮುನಿಯಪ್ಪ. ನಾನೇ ಹೋಗಿ ಕರಕೊಂಡು ಬತ್ತೀನಿ, ನನಗೂ ಮಗಳಲ್ವಾ ಎಂದು ಹಟ ಹಿಡಿದು ಹೋಗಿದ್ದ. ಬಿಸಿಲೇರಿದ ಮೇಲೆ ಗಾಡಿ ಬಂತು. ಗಂಗೆ ಹುಲ್ಲಿನ ಮೆತ್ತೆಯ ಮೇಲಿಂದ ಹೊಟ್ಟೆ ಹಿಡಿದುಕೊಂಡು ಇಳಿದಳು. ಮುಖವೆಲ್ಲ ಕೆಂಪು, ಕಾಲು ಊದಿದ್ದವು. ಅತ್ತಿಗೆ ಆರತಿ ಎತ್ತಿ ದೃಷ್ಟಿ ತೆಗೆದಳು. ಗಂಗೆ ಜಗಲಿಯ ಮೇಲೆ ಕೂತು ಕಾಲು ಚಾಚಿ, "ಅವ್ವಾ, ನಾಲಿಗೆ ಒಣಗೋಗೈತೆ. ನಿನ್ನ ಮಜ್ಜಿಗೆ ಕುಡಿದು ಎಷ್ಟು ದಿನ ಆಯ್ತು! ಬೇಗ ಮಾಡ್ಕೊಂಡು ಬಾ" ಎಂದಳು.

ದೊಡ್ಡಮುನಿಯಪ್ಪ ಅವಳ ಟ್ರಂಕನ್ನು ಹೆಗಲ ಮೇಲಿಟ್ಟುಕೊಂಡು ಬರುತ್ತಿದ್ದ. "ನನಗೂ ಒಂದು ಚೊಂಬು ಇರ್ಲಿ ಕಣಕ್ಕಾ" ಎಂದು ನಕ್ಕ.

ಅತ್ತಿಗೆ ಒಳಗೆ ಹೋದಳು. ನಾನೂ ಹಿಂದೆಯೇ ಹೋದೆ. ಮೊಸರಿನ ಮಡಕೆಯ ಮುಂದೆ ನಿಂತಿದ್ದಳು. ಕರಿಬೇವು ಕೈಗೆ ತೆಗೆದುಕೊಂಡಳು, ಉಪ್ಪು ತೆಗೆದುಕೊಂಡಳು. ನಾನು ಬೇಡ ಎಂದು ಕೂಗಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಅದನ್ನೆಲ್ಲ ಅಲ್ಲೇ ಹಾಕಿ, ಅಂಗಳಕ್ಕೆ ಬಂದು ಎಲ್ಲರಿಗೂ ಕೇಳುವ ಹಾಗೆ, "ಅಮ್ಮಯಮ್ಮ, ಮಜ್ಜಿಗೆ ನೀನು ಮಾಡು. ಗಂಗಿಗೆ ನನ್ನ ಕೈ ಬ್ಯಾಡ" ಎಂದಳು.

"ಯಾಕವ್ವಾ?" ಎಂದು ಗಂಗೆ ಗಾಬರಿಯಾಗಿ ಕೇಳಿದಳು. ಅತ್ತಿಗೆ ಮಗಳ ಕಡೆ ನೋಡಲಿಲ್ಲ. ದೊಡ್ಡಮುನಿಯಪ್ಪನ ಕಡೆ ನೋಡಿದಳು. ಅವನ ನಗು ಹಾಗೇ ನಿಂತಿತ್ತು. ಟ್ರಂಕನ್ನು ಜಗಲಿಯ ಮೇಲೆ ಇಳಿಸಿದ.

"ನಿನ್ನ ಮಗೀಗೆ ಬ್ಯಾಡ ಅಂದ್ಯಾ ಅಕ್ಕಾ?"

"ಹೂಂ ಕಣಪ್ಪಾ."

"ನಮ್ಮ ಆದಿಗೆ ಕೊಟ್ಟಿದ್ದೆ."

"ಕೊಟ್ಟಿದ್ದೆ ಕಣಪ್ಪಾ. ದಿನಾ ಕೊಟ್ಟಿದ್ದೆ. ಗೊತ್ತಿರಲಿಲ್ಲ. ಈಗ ಗೊತ್ತು."

ಅವನು ಗಾಡಿ ಹೊಡೆದುಕೊಂಡು ಹೋದ. ನಾನು ಗಂಗೆಗೆ ನೀರು ಕಾಯಿಸಿ ಕೊಟ್ಟೆ, ಮಜ್ಜಿಗೆಗೆ ಕೈ ಹಾಕುವ ಧೈರ್ಯ ನನಗೂ ಇರಲಿಲ್ಲ. ಹೊರಗೆ ಬಂದು ನೋಡಿದರೆ ಅತ್ತಿಗೆ ಇಲ್ಲ. ದೊಡ್ಡಮುನಿಯಪ್ಪನ ಮನೆಯ ಜಗಲಿಯ ಮೇಲೆ, ಮುಚ್ಚಿದ ಬಾಗಿಲ ಮುಂದೆ, ಸೆರಗು ಹೊದ್ದು ಕೂತಿದ್ದಳು. ಓಡಾಡುವವರೆಲ್ಲ ನಿಂತು ನೋಡುತ್ತಿದ್ದರು. ನಾನು ಹೋಗಿ ತೋಳು ಹಿಡಿದು ಎಳೆದೆ.

"ಏಳು ಮನೆಗೆ. ಬೀದೀಲಿ ಮಾನ ಕಳೀಬ್ಯಾಡ."

"ಅವನು ಬಂದು ನನ್ನ ಬೈಯೋಗಂಟ ಏಳೋಲ್ಲ. ಹೋಗೇ ನೀನು."

ಜೀವಮಾನವೆಲ್ಲ ಆ ಹೆಂಗಸಿನ ಮೇಲೆ ಕತ್ತಿ ಮಸೆದವಳು ನಾನು. ಅವತ್ತು ಅವಳ ಪಕ್ಕದಲ್ಲಿ ಕೂತುಬಿಟ್ಟೆ. ನನಗೆ ಅಳು ತಡೆಯಲಾಗಲಿಲ್ಲ. ಅವಳು ಅಳಲಿಲ್ಲ. ಬಾಗಿಲ ಕಡೆಯೇ ನೋಡುತ್ತಿದ್ದಳು. ಬಿಸಿಲು ಜಗಲಿಯಿಂದ ಇಳಿದು ಬೀದಿಗೆ ಹೋಯಿತು, ದನ ಮನೆಗೆ ಬರುವ ಹೊತ್ತಾಯಿತು. ಆಗ ಬಾಗಿಲು ತೆರೆಯಿತು. ದೊಡ್ಡಮುನಿಯಪ್ಪನ ಕಣ್ಣು ಊದಿದ್ದವು. ಮಗಳನ್ನು ಮಣ್ಣು ಮಾಡಿದ ದಿನ ಅಳದಿದ್ದವನು ಒಳಗೆ ಒಬ್ಬನೇ ಅತ್ತಿದ್ದ. ಅತ್ತಿಗೆ ಎದ್ದು ನಿಂತಳು. ಹೊಡೆದರೂ ಹೊಡೆಯಲಿ ಎನ್ನುವಂತೆ ಅವನ ಎದುರಿಗೇ ನಿಂತಳು.

ಅವನು ಹೊಸ್ತಿಲು ದಾಟಿ ಬಂದ.

"ಮನೆಗೆ ಹೋಗಕ್ಕಾ" ಎಂದ. "ಮಗಳು ಬಂದವ್ಳೆ."